ಬಾಡಿಗೆಗೆ ಕೊಟ್ಟ ಮನೆ ಮೇಲಿನ ಸಾಲ: ಇಎಂಐ ಅಲ್ಲ, ಉಳಿದ ತಿಂಗಳು ನೋಡಿ

"ಮೇಡಂ, ನಿಮ್ಮ ಹೋಮ್ ಲೋನ್ ನಮ್ಮ ಬ್ಯಾಂಕಿಗೆ ಶಿಫ್ಟ್ ಮಾಡ್ಕೊಂಡ್ರೆ ಇಎಂಐ ತಿಂಗಳಿಗೆ ಏಳು ಸಾವಿರ ಕಮ್ಮಿ ಆಗುತ್ತೆ." ಮನೆ ಸಾಲ ಇರೋರಿಗೆ ಈ ಫೋನು ಹೊಸದಲ್ಲ. ಕೇಳಿದ ತಕ್ಷಣ ಖುಷಿ ಆಗುತ್ತೆ, ಅದರಲ್ಲೂ ಮನೆ ಬಾಡಿಗೆಗೆ ಕೊಟ್ಟಿರೋರಿಗೆ ಇನ್ನೂ ಜಾಸ್ತಿ, ಯಾಕಂದ್ರೆ ನಮ್ಮ ತಲೇಲಿ ಸದಾ ಓಡ್ತಿರೋ ಲೆಕ್ಕ ಒಂದೇ, ಬಾಡಿಗೆ ಎಷ್ಟು ಬರುತ್ತೆ, ಇಎಂಐ ಎಷ್ಟು ಹೋಗುತ್ತೆ, ಮಧ್ಯ ಉಳಿದಿದ್ದನ್ನ ಸಂಬಳದಿಂದ ಎಷ್ಟು ತುಂಬ್ಬೇಕು. ಅದರಲ್ಲಿ ಏಳು ಸಾವಿರ ಇಳಿಯುತ್ತೆ ಅಂದ್ರೆ ಯಾರಿಗೆ ಬೇಡ. ಫೋನ್ ಮಾಡೋ ಹುಡುಗರು ಹೇಳೋದು ಸುಳ್ಳೂ ಅಲ್ಲ, ಇಎಂಐ ನಿಜವಾಗ್ಲೂ ಅಷ್ಟು ಇಳಿಯುತ್ತೆ. ಆದ್ರೆ ಅದರಲ್ಲಿ ಬಡ್ಡಿ ಕಮ್ಮಿ ಆಗಿದ್ದಕ್ಕೆ ಇಳಿದಿದ್ದೆಷ್ಟು, ಸಾಲದ ವರ್ಷ ಎಳೆದಿದ್ದಕ್ಕೆ ಇಳಿದಿದ್ದೆಷ್ಟು ಅಂತ ಬಿಡಿಸಿ ಯಾರೂ ಹೇಳಲ್ಲ. ಹೋದ ವರ್ಷ ಮಳೆಗಾಲದಲ್ಲಿ ನನ್ನ ಬೆಂಗಳೂರಿನ ಫ್ಲ್ಯಾಟ್ ಸಾಲವನ್ನ ಬೇರೆ ಬ್ಯಾಂಕಿಗೆ ವರ್ಗಾಯಿಸ್ದೆ, ಆಗ ಕೂತು ಹಾಕಿದ ಲೆಕ್ಕ, ಓದಿದ ಆರ್‌ಬಿಐ ಸುತ್ತೋಲೆ, ಓಡಾಡಿದ ಆಫೀಸು ಎಲ್ಲಾ ಇನ್ನೂ ನೆನಪಲ್ಲಿರುವಾಗ್ಲೇ ಬರೆದಿಡೋಣ ಅನ್ನಿಸ್ತು.

ಮೊದಲು ನನ್ನ ಪರಿಸ್ಥಿತಿ ಹೇಳ್ಬಿಡ್ತೀನಿ. ಬೆಂಗಳೂರು ದಕ್ಷಿಣದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು, ಅದರಲ್ಲಿ ನಾವೇ ಇದ್ವಿ, ಆಮೇಲೆ ಅಪ್ಪ ಅಮ್ಮನ ಜೊತೆ ಇರಬೇಕು ಅಂತ ಮೈಸೂರಿಗೆ ಬಂದ್ವಿ, ಫ್ಲ್ಯಾಟು ಬಾಡಿಗೆಗೆ ಹೋಯ್ತು. ಬಾಡಿಗೆ 24 ಸಾವಿರ, ಮೇಂಟೆನೆನ್ಸ್ ಬಾಡಿಗೆದಾರರೇ ಕಟ್ತಾರೆ. ಸಾಲ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯದ್ದು, ಬಾಕಿ ಅಸಲು ದುಂಡಗೆ 35 ಲಕ್ಷ, ಇನ್ನೂ 15 ವರ್ಷ, ಬಡ್ಡಿ 9.5%. ಇಎಂಐ ಸುಮಾರು 36,550. ಅಂದ್ರೆ ತಿಂಗಳಿಗೆ ಹನ್ನೆರಡೂವರೆ ಸಾವಿರ ಕೈಯಿಂದ. ಈಗ ಆ ಫ್ಲ್ಯಾಟು ಮಾರಿದ್ರೆ 85 ಲಕ್ಷ ಬರಬಹುದು ಅಂತಿಟ್ಕೊಳ್ಳಿ, ವರ್ಷದ ಬಾಡಿಗೆ 2.88 ಲಕ್ಷ, ಅಂದ್ರೆ ಮೂರು ಚಿಲ್ಲರೆ ಪರ್ಸೆಂಟು. ಮನೆ ನಮಗೆ ದುಡಿದು ಕೊಡೋದು ಮೂರು ಚಿಲ್ಲರೆ, ಅದರ ಮೇಲಿನ ಸಾಲಕ್ಕೆ ನಾವು ಕೊಡೋದು ಒಂಬತ್ತೂವರೆ. ಬಾಡಿಗೆಯಿಂದಲೇ ಸಾಲ ತೀರುತ್ತೆ ಅಂತ ಮನೆ ತಗೊಳ್ಳುವಾಗ ಎಲ್ಲರೂ ಹೇಳ್ತಾರೆ, ಬೆಂಗಳೂರಲ್ಲಿ ದೊಡ್ಡ ಸಾಲ ಮಾಡಿ ತಗೊಂಡ ಫ್ಲ್ಯಾಟಿನಲ್ಲಿ ಅದು ಆಗೋ ಮಾತಲ್ಲ. ಹಾಗಾಗಿ ಇಂಥ ಮನೆ ಮೇಲಿನ ಸಾಲದಲ್ಲಿ ಒಂದೊಂದು ಪರ್ಸೆಂಟೂ ಲೆಕ್ಕಕ್ಕೆ ಬರುತ್ತೆ, ನಾವೇ ವಾಸ ಇರೋ ಮನೆಯಾದ್ರೆ ಬಾಡಿಗೆ ಉಳೀತಲ್ಲ, ನೆಮ್ಮದಿ ಇದೆಯಲ್ಲ ಅಂತ ಸಮಾಧಾನ ಮಾಡ್ಕೋಬಹುದು, ಇಲ್ಲಿ ಅದೂ ಇಲ್ಲ, ಇದು ಪೂರ್ತಿ ದುಡ್ಡಿನ ವ್ಯವಹಾರ.

ಈಗ 9.5% ಯಾಕೆ ಇತ್ತು ಅನ್ನೋದು. ಅದೇ ಕಂಪನಿ ಅದೇ ವಾರ ಹೊಸಬರಿಗೆ ಸಾಲ ಕೊಡ್ತಿದ್ದ ರೇಟು ನನ್ನ ರೇಟಿಗಿಂತ ಒಂದು ಪರ್ಸೆಂಟಿಗೂ ಜಾಸ್ತಿ ಕೆಳಗಿತ್ತು, ಅವರ ವೆಬ್‌ಸೈಟಲ್ಲೇ ದೊಡ್ಡ ಅಕ್ಷರದಲ್ಲಿ ಇತ್ತು. ನಮ್ಮ ದೇಶದಲ್ಲಿ ಮನೆ ಸಾಲದ ಬಡ್ಡಿ ಲೆಕ್ಕ ಹಾಕೋ ಪದ್ಧತಿ 2010ರಿಂದ ಈಚೆಗೆ ಮೂರು ಸಲ ಬದಲಾಗಿದೆ. 2010ರ ಜುಲೈಗೆ ಮುಂಚೆ ಬಿಪಿಎಲ್‌ಆರ್, ಆಮೇಲೆ ಬೇಸ್ ರೇಟ್, 2016ರ ಏಪ್ರಿಲ್‌ನಿಂದ ಎಂಸಿಎಲ್‌ಆರ್ (ಈ ಮೂರೂ ಬ್ಯಾಂಕುಗಳು ತಾವೇ ಲೆಕ್ಕ ಹಾಕೋ ರೇಟುಗಳು), 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡೋ ಹೊಸ ಫ್ಲೋಟಿಂಗ್ (ಅಂದ್ರೆ ಬಡ್ಡಿ ಏರಿಳಿಯೋ) ಮನೆ ಸಾಲ ಎಲ್ಲಾ ರೆಪೋ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ರೇಟು) ಥರದ ಹೊರಗಿನ ರೇಟಿಗೆ ಕಟ್ಟಿರ್ಬೇಕು, ಮೂರು ತಿಂಗಳಿಗೊಂದು ಸಲವಾದ್ರೂ ರೀಸೆಟ್ ಆಗ್ಬೇಕು ಅಂತ ಆರ್‌ಬಿಐ ಮಾಡ್ತು. ಪ್ರತಿ ಸಲ ಹೊಸ ಪದ್ಧತಿ ಬಂದಾಗ್ಲೂ ಹಳೇ ಸಾಲಗಾರರು ಹಳೇ ಪದ್ಧತಿಯಲ್ಲೇ ಉಳೀತಾರೆ, ತಾವಾಗೇ ಹೋಗಿ ಕೇಳಿ ಬದಲಾಯಿಸ್ಕೊಂಡ್ರೆ ಮಾತ್ರ ಹೊಸದು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗಂತೂ ಈ 2019ರ ನಿಯಮ ಅನ್ವಯಿಸೋದೇ ಇಲ್ಲ, ಅವರದ್ದೇ ಒಂದು ಪ್ರೈಮ್ ಲೆಂಡಿಂಗ್ ರೇಟ್ ಇರುತ್ತೆ, ಅದರಲ್ಲಿ ನಿಮಗೆ ಇಷ್ಟು ಡಿಸ್ಕೌಂಟ್ ಅಂತ ಅಗ್ರಿಮೆಂಟಲ್ಲಿ ಬರೆದಿರುತ್ತೆ, ಆ ಡಿಸ್ಕೌಂಟು ಅವತ್ತಿಗೆ ಎಷ್ಟಿತ್ತೋ ಇವತ್ತಿಗೂ ಅಷ್ಟೇ. ಹೊಸ ಗಿರಾಕಿ ಬೇಕಾದಾಗ ಅವರು ಪ್ರೈಮ್ ರೇಟ್ ಇಳಿಸಲ್ಲ, ಹೊಸಬರಿಗೆ ಕೊಡೋ ಡಿಸ್ಕೌಂಟು ಹೆಚ್ಚಿಸ್ತಾರೆ. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಆದ್ರೆ ಹತ್ತು ವರ್ಷ ಒಂದು ಕಂತೂ ತಪ್ಪಿಸ್ದೇ ಕಟ್ಟಿದವರು ನಿನ್ನೆ ಬಂದವರಿಗಿಂತ ಜಾಸ್ತಿ ಬಡ್ಡಿ ಕಟ್ಟೋದು ನ್ಯಾಯ ಅಂತ ನನಗೆ ಅವತ್ತೂ ಅನ್ನಿಸ್ಲಿಲ್ಲ, ಇವತ್ತೂ ಅನ್ನಿಸ್ತಿಲ್ಲ.

ಏರುವಾಗ ಮಾತ್ರ ಎಲ್ಲರಿಗೂ ಒಟ್ಟಿಗೆ ಏರುತ್ತೆ. 2022ರ ಮೇ ತಿಂಗಳಲ್ಲಿ ರೆಪೋ 4.00 ಇದ್ದಿದ್ದು 4.40 ಆಯ್ತು, 2023ರ ಫೆಬ್ರವರಿಗೆ 6.50. ಒಂದು ವರ್ಷದೊಳಗೆ ಎರಡೂವರೆ ಪರ್ಸೆಂಟು. ಆಗ ಹೆಚ್ಚಿನವರಿಗೆ ಇಎಂಐ ಏರ್ಲಿಲ್ಲ, ಸದ್ದಿಲ್ದೇ ಅವಧಿ ಬೆಳೀತು. ತಿಂಗಳು ತಿಂಗಳು ಅಕೌಂಟಿಂದ ಅದೇ ದುಡ್ಡು ಹೋಗ್ತಿದ್ದಿದ್ರಿಂದ ಯಾರಿಗೂ ಗೊತ್ತಾಗ್ಲಿಲ್ಲ, ಸ್ಟೇಟ್‌ಮೆಂಟ್ ತೆಗೆದು ನೋಡಿದವರಿಗೆ ಮಾತ್ರ 190 ತಿಂಗಳು ಇದ್ದಿದ್ದು 270, 290 ಆಗಿರೋದು ಕಾಣಿಸ್ತು, ಕಮ್ಮಿ ಬಡ್ಡಿ ಇದ್ದಾಗ ದೊಡ್ಡ ಸಾಲ ತಗೊಂಡಿದ್ದ ಕೆಲವರಿಗೆ ಕಟ್ಟೋ ಇಎಂಐ ಆ ತಿಂಗಳ ಬಡ್ಡಿಗೂ ಸಾಲದ ಹಾಗಾಯ್ತು. ಇದು ಎಷ್ಟು ಜನಕ್ಕೆ ತಟ್ಟಿತ್ತು ಅಂದ್ರೆ 2023ರ ಆಗಸ್ಟ್ 18ಕ್ಕೆ ಆರ್‌ಬಿಐ ಸುತ್ತೋಲೆನೇ ಹೊರಡಿಸ್ತು: ರೇಟ್ ಬದಲಾದಾಗ ಇಎಂಐ ಏರಿಸೋದೋ, ಅವಧಿ ಎಳೆಯೋದೋ, ಎರಡೂ ಸ್ವಲ್ಪ ಸ್ವಲ್ಪನೋ ಅಂತ ಸಾಲಗಾರರನ್ನ ಕೇಳ್ಬೇಕು, ಫಿಕ್ಸೆಡ್ ರೇಟಿಗೆ ಹೋಗೋ ಅವಕಾಶ ಕೊಡ್ಬೇಕು (ಇದೊಂದು ಮಾತ್ರ 2025ರ ಅಕ್ಟೋಬರ್‌ನಿಂದ ಕಡ್ಡಾಯ ಅಲ್ಲ), ಇಲ್ಲಿಯವರೆಗೆ ಎಷ್ಟು ಅಸಲು ಎಷ್ಟು ಬಡ್ಡಿ ಕಟ್ಟಿದ್ದಾರೆ, ಎಷ್ಟು ಕಂತು ಉಳಿದಿದೆ ಅಂತ ಪ್ರತಿ ಕ್ವಾರ್ಟರಿಗೆ ತಿಳಿಸ್ಬೇಕು. ತುಂಬಾ ಒಳ್ಳೇ ಸುತ್ತೋಲೆ ಅದು. ಆಮೇಲೆ ರೆಪೋ ಇಳೀತು, 2025ರ ಫೆಬ್ರವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6.00, ಜೂನ್‌ನಲ್ಲಿ ಒಂದೇ ಸಲ ಅರ್ಧ ಪರ್ಸೆಂಟ್ ಇಳಿದು 5.50, ಡಿಸೆಂಬರ್‌ಗೆ 5.25. ರೆಪೋಗೆ ಕಟ್ಟಿದ ಸಾಲ ಇದ್ದವರಿಗೆ ಈ ಇಳಿಕೆ ತಾನಾಗೇ ಸಿಕ್ತು. ನನ್ನ ಸಾಲಕ್ಕೆ ಆ ಜೂನ್ ದಾಟಿದ್ರೂ ಬಂದಿದ್ದು ಬರೀ ಚೂರು.

ಈಗ ಲೆಕ್ಕಕ್ಕೆ ಬರ್ತೀನಿ, ಈ ಬರಹದಲ್ಲಿ ಏನನ್ನ ಬಿಟ್ರೂ ಇದನ್ನ ಬಿಡ್ಬೇಡಿ. ಬಾಕಿ 35 ಲಕ್ಷ, 180 ತಿಂಗಳು, 9.5%, ಇಎಂಐ 36,550. ಏನೂ ಮಾಡ್ದೇ ಹೀಗೇ ಕಟ್ತಾ ಹೋದ್ರೆ ಕೊನೇ ತನಕ ಕೈಯಿಂದ ಹೋಗೋದು ಹತ್ರಹತ್ರ 65.8 ಲಕ್ಷ. ಈಗ ಹೊಸ ಬ್ಯಾಂಕು 8% ಕೊಡುತ್ತೆ ಅಂತಿಟ್ಕೊಳ್ಳಿ. ಫೋನಲ್ಲಿ ಹೇಳೋ "ಏಳು ಸಾವಿರ ಕಮ್ಮಿ" ಬರೋದು ಸಾಲವನ್ನ ಮತ್ತೆ 20 ವರ್ಷಕ್ಕೆ ಬರೆದಾಗ: ಇಎಂಐ 29,275 ಆಗುತ್ತೆ, ಹೌದು, 7,270 ರೂಪಾಯಿ ಇಳೀತು. ಆದ್ರೆ 240 ತಿಂಗಳು ಕಟ್ಟಿದ್ರೆ ಒಟ್ಟು 70.26 ಲಕ್ಷ! ಬಡ್ಡಿ ದರ ಒಂದೂವರೆ ಪರ್ಸೆಂಟ್ ಇಳಿದೂ ನಾವು ಕಟ್ಟೋದು ನಾಲ್ಕೂವರೆ ಲಕ್ಷ ಜಾಸ್ತಿ. ಅದೇ 8%ನಲ್ಲಿ ಅವಧಿ ಉಳಿದಿದ್ದಷ್ಟೇ, 15 ವರ್ಷವೇ ಇಟ್ರೆ ಇಎಂಐ 33,450, ತಿಂಗಳಿಗೆ 3,100 ಉಳಿಯುತ್ತೆ, ಕೊನೇ ತನಕ ಐದೂವರೆ ಲಕ್ಷ ಉಳಿಯುತ್ತೆ. ಇನ್ನೊಂದು ದಾರಿ ಇದೆ, ಇಎಂಐ ಮುಟ್ಟೋದೇ ಬೇಡ, ಹಳೇ 36,550 ಹಾಗೇ ಕಟ್ಕೊಂಡು ಹೋಗೋದು, ಆಗ ಸಾಲ 153 ತಿಂಗಳಿಗೆ ತೀರುತ್ತೆ, 27 ಕಂತು ಮಾಯ, ಉಳಿಯೋದು 9.8 ಲಕ್ಷ. ಅದೇ ಬ್ಯಾಂಕು, ಅದೇ ಬಡ್ಡಿ ದರ, ಆದ್ರೂ ಒಂದು ಕಡೆ ನಾಲ್ಕೂವರೆ ಲಕ್ಷ ನಷ್ಟ, ಇನ್ನೊಂದು ಕಡೆ ಸುಮಾರು ಹತ್ತು ಲಕ್ಷ ಲಾಭ. ಸ್ಯಾಂಕ್ಷನ್ ಲೆಟರಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡಿದ್ದು ಬಡ್ಡಿ ದರ ಅಲ್ಲ, ಅವಧಿ ಅಂತ ಬರೆದಿರೋ ಆ ಒಂದು ಸಾಲು.

ಇದರ ಅರ್ಥ ಎಲ್ಲರೂ ಇಎಂಐ ಹಾಗೇ ಇಟ್ಕೋಬೇಕು ಅಂತಲ್ಲ. ಮಕ್ಕಳ ಕಾಲೇಜ್ ಫೀಸಿನ ವರ್ಷಗಳು, ಕೆಲಸ ಹೋದ ಮನೆ, ಬಾಡಿಗೆದಾರರು ಬಿಟ್ಟು ಹೋಗಿ ಮೂರು ತಿಂಗಳು ಖಾಲಿ ಬಿದ್ದಿರೋ ಫ್ಲ್ಯಾಟು, ಇಂಥ ಸಮಯದಲ್ಲಿ ತಿಂಗಳಿಗೆ ಏಳು ಸಾವಿರ ಅನ್ನೋದು ದೊಡ್ಡ ಉಸಿರು. ಅವಧಿ ಎಳೆದ್ರೂ ಆಮೇಲೆ ಪಾರ್ಟ್ ಪೇಮೆಂಟ್ ಮಾಡಿ ಇಳಿಸಬಹುದು, ಫ್ಲೋಟಿಂಗ್ ಮನೆ ಸಾಲವನ್ನ ಮುಂಚೆನೇ ಕಟ್ಟಿದ್ರೆ ದಂಡ ಇಲ್ಲ. 2012ರ ಜೂನ್‌ನಲ್ಲೇ ಆರ್‌ಬಿಐ ಬ್ಯಾಂಕುಗಳಿಗೆ ಇದನ್ನ ನಿಲ್ಲಿಸೋಕೆ ಹೇಳಿದೆ, 2025ರ ಜುಲೈನಲ್ಲಿ ಇನ್ನೂ ವಿಸ್ತಾರವಾದ ನಿಯಮ ಬಂದಿದೆ, 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ಅದು ಅನ್ವಯ. ಬ್ಯಾಲೆನ್ಸ್ ಟ್ರಾನ್ಸ್‌ಫರ್, ಅಂದ್ರೆ ಹೀಗೆ ಸಾಲವನ್ನ ಬೇರೆ ಬ್ಯಾಂಕಿಗೆ ವರ್ಗಾಯಿಸೋದು, ಸಾಮಾನ್ಯ ಸಾಲಗಾರರಿಗೂ ಕೈಗೆಟುಕೋ ವಿಷಯ ಆಗಿದ್ದೇ ಈ ದಂಡ ಹೋದ್ಮೇಲೆ, ಅದಕ್ಕೆ ಮುಂಚೆ ಬಾಕಿ ಮೇಲೆ ಎರಡು ಪರ್ಸೆಂಟ್ ಕೊಟ್ಟು ಹೊರಗೆ ಬರೋದ್ರಲ್ಲೇ ಲಾಭ ಕರಗಿ ಹೋಗ್ತಿತ್ತು.

ಹೊಸ ಬ್ಯಾಂಕಿಗೆ ಹೋಗೋಕೆ ಮುಂಚೆ ಹಳೇ ಕಂಪನಿಯವರನ್ನೇ ಕೇಳ್ಬೇಕು. ಇದನ್ನ ಕನ್ವರ್ಷನ್ ಅಂತಾರೆ, ಬಾಕಿ ಮೇಲೆ ಒಂದಿಷ್ಟು ಫೀ ಜೊತೆಗೆ ಜಿಎಸ್‌ಟಿ ಕಟ್ಟಿದ್ರೆ ಡಿಸ್ಕೌಂಟು ಹೆಚ್ಚಿಸಿ ರೇಟ್ ಇಳಿಸ್ತಾರೆ, ಕಾಗದ ಪತ್ರ ಯಾವುದೂ ಅಲ್ಲಾಡಲ್ಲ. ನಾನು ಬ್ರಾಂಚಿಗೆ ಹೋಗಿ ಕೇಳಿದಾಗ ಕೌಂಟರಲ್ಲಿದ್ದ ಹುಡುಗಿ ಸಿಸ್ಟಮ್ ನೋಡಿ "ನಿಮಗೆ ಈಗ ಯಾವ ಆಫರೂ ತೋರಿಸ್ತಿಲ್ಲ ಮೇಡಂ" ಅಂದಳು. ಸರಿ, ಹಾಗಾದ್ರೆ ಫೋರ್‌ಕ್ಲೋಷರ್ ಲೆಟರೂ (ಸಾಲ ಪೂರ್ತಿ ಮುಚ್ಚೋಕೆ ಎಷ್ಟು ಕಟ್ಬೇಕು ಅನ್ನೋ ಪತ್ರ), ದಾಖಲೆಗಳ ಪಟ್ಟಿನೂ ಕೊಡಿ ಅಂತ ಅರ್ಜಿ ಬರೆದುಕೊಟ್ಟು ಬಂದೆ. ಮಾರನೇ ದಿನವೇ ಹೆಡ್ ಆಫೀಸಿಂದ ಫೋನು, ಮಾತು ತುಂಬಾ ನಯ. "ಇಷ್ಟು ವರ್ಷದ ಸಂಬಂಧ ಮೇಡಂ, ಯಾಕೆ ಹೋಗ್ತೀರಾ, 8.6ಗೆ ಮಾಡ್ಕೊಡ್ತೀವಿ." ನಿನ್ನೆ ಸಿಸ್ಟಮಲ್ಲಿ ಇಲ್ದೇ ಇದ್ದಿದ್ದು ಇವತ್ತು ಎಲ್ಲಿಂದ ಬಂತು ಅಂತ ಕೇಳಿದೆ, ಆ ಕಡೆಯವರು ಪಾಪ ಅದಕ್ಕೆ ಏನೂ ಹೇಳ್ಲಿಲ್ಲ. ಇದು ಬರೀ ನನ್ನ ಕಂಪನಿಯ ಕಥೆ ಅಲ್ಲ, ಬೇರೆ ಬೇರೆ ಕಡೆ ಸಾಲ ಇರೋ ಸ್ನೇಹಿತರು ಎಲ್ಲರೂ ಇದನ್ನೇ ಹೇಳ್ತಾರೆ, ಹೋಗ್ತೀನಿ ಅಂತ ಎದ್ದವರಿಗೆ ರೇಟು ಇಳಿಯುತ್ತೆ.

8.6 ಒಪ್ಕೊಂಡಿದ್ರೆ ಅದೇ ಇಎಂಐಗೆ ಸಾಲ 162 ತಿಂಗಳಿಗೆ ಮುಗೀತಿತ್ತು, 8%ಗೆ 153. ಒಂಬತ್ತು ಇಎಂಐ ವ್ಯತ್ಯಾಸ, ಮೂರು ಲಕ್ಷದ ಮೇಲೆ. ಇನ್ನೊಂದು ಕಾರಣ ನನಗೆ ಅದಕ್ಕಿಂತ ದೊಡ್ಡದು, ಕಂಪನಿಯ ಪ್ರೈಮ್ ರೇಟು ಅವರ ಕೈಲೇ ಇರುತ್ತೆ, ಎರಡು ವರ್ಷ ಬಿಟ್ಟು ಮತ್ತೆ ಇದೇ ಅರ್ಜಿ, ಇದೇ ಫೀ. ಬ್ಯಾಂಕಿನ ಸಾಲ ರೆಪೋಗೆ ಕಟ್ಟಿರುತ್ತೆ, ರೆಪೋ ಏರಿದ್ರೆ ಏರುತ್ತೆ, ಅದು ಗೊತ್ತಿದ್ದೇ ಹೋಗೋದು, ಆದ್ರೆ ಇಳಿದಾಗ ಇಳಿಯೋದನ್ನ ಯಾರ ಹತ್ರನೂ ಬೇಡ್ಬೇಕಾಗಿಲ್ಲ. ರೆಪೋ ಮೇಲೆ ಬ್ಯಾಂಕು ಹಾಕೋ ಸ್ಪ್ರೆಡ್ಡು ಎಷ್ಟು ಅಂತ ಮಾತ್ರ ಸ್ಯಾಂಕ್ಷನ್ ಲೆಟರಲ್ಲಿ ಬರೆಸ್ಕೋಬೇಕು, ಬರೀ "ಪ್ರಸ್ತುತ ದರ 8%" ಅಂತಿದ್ರೆ ಸಾಲ್ದು. ನಮ್ಮ ಸಿಬಿಲ್ ಸ್ಕೋರ್ ತೀರಾ ಬಿದ್ರೆ ಆ ಸ್ಪ್ರೆಡ್ ಏರಿಸೋ ಹಕ್ಕು ಬ್ಯಾಂಕಿಗೆ ಇದೆ, ಅದೂ ನೆನಪಿರಲಿ.

ಕಾಗದದ ವಿಷಯ. ಸಾಲ ಬದಲಾಯಿಸೋದು ಅಂದ್ರೆ ಆನ್‌ಲೈನಲ್ಲಿ ಬಟನ್ ಒತ್ತಿ ಮುಗಿಸೋ ಕೆಲಸ ಅಲ್ಲ, ಹೊಸ ಬ್ಯಾಂಕಿನ ಮಟ್ಟಿಗೆ ಅದು ಹೊಸ ಸಾಲವೇ, ಅವರ ವಕೀಲರು ಮದರ್ ಡೀಡಿಂದ (ಆಸ್ತಿಯ ಮೂಲ ಪತ್ರ) ಹಿಡಿದು ಎಲ್ಲಾ ಮೊದಲಿಂದ ಓದ್ತಾರೆ. ಹಳೇ ಕಂಪನಿಯವರು ಕಣ್ಣುಮುಚ್ಚಿ ಕೊಟ್ಟಿದ್ದ ಸಾಲಕ್ಕೆ ಇವರು ಹತ್ತು ಪ್ರಶ್ನೆ ಕೇಳ್ತಾರೆ. ಬೆಂಗಳೂರಲ್ಲಿ ಬಹಳ ಜನ ಸಿಕ್ಕಿಹಾಕ್ಕೊಳ್ಳೋದು ಓಸಿ ಹತ್ರ. ಬಿಲ್ಡರ್ ಅಕ್ಯುಪೆನ್ಸಿ ಸರ್ಟಿಫಿಕೇಟ್ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಸರ್ಕಾರದ ಕಡೆಯಿಂದ ಕೊಡೋ ಪತ್ರ, ಇದೇ ಓಸಿ) ತಗೊಳ್ದೇ ಕೀಲಿ ಕೊಟ್ಟು ಹೋಗಿರೋ ಅಪಾರ್ಟ್‌ಮೆಂಟುಗಳು ನಮ್ಮೂರಲ್ಲಿ ಲೆಕ್ಕ ಇಲ್ದಷ್ಟಿವೆ, ಜನ ವರ್ಷಗಟ್ಲೆ ವಾಸ ಇದ್ದಾರೆ, ಬಾಡಿಗೆಗೆ ಕೊಟ್ಟಿದ್ದಾರೆ, ತೆರಿಗೆ ಕಟ್ತಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಕಟ್ಟಡದ ಮೇಲೆ ಸಾಲ ಕೊಡೋಕೆ ಮುಂಚೆ ಬ್ಯಾಂಕುಗಳು ಈ ಸರ್ಟಿಫಿಕೇಟ್ ಪರಿಶೀಲಿಸಲೇಬೇಕು ಅಂತ ಹೇಳಿದ್ಮೇಲೆ ಬ್ಯಾಂಕಿನ ವಕೀಲರು ಇನ್ನೂ ಬಿಗಿ ಆಗಿದ್ದಾರೆ. ತೀರ್ಪು ಸರಿಯಾದದ್ದೇ, ಅಕ್ರಮವಾಗಿ ಕಟ್ಟೋರಿಗೆ ದುಡ್ಡು ಹರಿಯೋದು ನಿಲ್ಲಬೇಕು. ಆದ್ರೆ ಓಸಿ ಇಲ್ದಿರೋ ಫ್ಲ್ಯಾಟನ್ನ ಹತ್ತು ವರ್ಷದ ಹಿಂದೆ ಸಾಲ ಮಾಡಿ ತಗೊಂಡಿರೋ ಸಂಬಳದಾರರು ಈಗ ಹಳೇ ಸಾಲದಾತರ ಹತ್ರವೇ, ಹಳೇ ಬಡ್ಡಿಗೇ ಸಿಕ್ಕಿಬಿದ್ದಿದ್ದಾರೆ, ಅವರಿಗೆ ಕನ್ವರ್ಷನ್ ಒಂದೇ ದಾರಿ. ಬಿ ಖಾತಾ (ಪೂರ್ತಿ ಸಕ್ರಮ ಅಲ್ಲದ ಆಸ್ತಿಯ ಪಾಲಿಕೆ ದಾಖಲೆ) ಇದ್ದವರ ಪಾಡೂ ಬಹುಪಾಲು ಅದೇ.

ನಮ್ಮದಕ್ಕೆ ಓಸಿ ಇತ್ತು, ಇ-ಖಾತಾ ಮಾಡಿಸಿದ್ವಿ, ಕಾವೇರಿ ಅನ್ನೋ ನೋಂದಣಿ ಇಲಾಖೆ ವೆಬ್‌ಸೈಟಲ್ಲಿ ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ಆನ್‌ಲೈನೇ ಸಿಕ್ತು. ಇಸಿಯಲ್ಲಿ ಹಳೇ ಕಂಪನಿಯ ಹೆಸರಲ್ಲಿ ದಾಖಲೆ ಠೇವಣಿ ಪತ್ರದ ಎಂಟ್ರಿ ಇರುತ್ತೆ, ಎಂಓಡಿ ಅಂತಾರಲ್ಲ ಅದು. ಹಳೇ ಸಾಲ ತೀರಿದ್ಮೇಲೆ ಅದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಖುಲಾಸೆ ಆಗ್ಬೇಕು, ಹೊಸ ಬ್ಯಾಂಕಿನ ಹೆಸರಲ್ಲಿ ಹೊಸ ಎಂಓಡಿ ರಿಜಿಸ್ಟರ್ ಆಗ್ಬೇಕು, ಸೆರ್ಸಾಯಿ ಅನ್ನೋ ಕೇಂದ್ರದ ರಿಜಿಸ್ಟ್ರಿಯಲ್ಲೂ ಹಳೇ ಎಂಟ್ರಿ ತೆಗೆಸ್ಬೇಕು. ಎಂಓಡಿಯ ಸ್ಟಾಂಪ್ ಡ್ಯೂಟಿ ಸಾಲದ ಮೊತ್ತದ ಮೇಲೆ ಬೀಳುತ್ತೆ, ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಹೋಗೋಕೆ ಮುಂಚೆ ಅವತ್ತಿನ ದರ ಕೇಳ್ಕೊಂಡು ಹೋಗಿ. ಪ್ರೊಸೆಸಿಂಗ್ ಫೀ, ವಕೀಲರ ಫೀ, ವ್ಯಾಲ್ಯುಯೇಷನ್, ಸ್ಟಾಂಪು ಎಲ್ಲಾ ಸೇರಿ ನನಗೆ 40 ಸಾವಿರದ ಒಳಗೇ ಆಯ್ತು, ಮೊದಲ ವರ್ಷ ಉಳಿಯೋ ಬಡ್ಡಿನೇ 50 ಸಾವಿರದ ಮೇಲಿದೆ, ಹಾಗಾಗಿ ಒಂಬತ್ತು ಹತ್ತು ತಿಂಗಳಲ್ಲಿ ಖರ್ಚು ವಾಪಸ್. ಸಾಲ ಇನ್ನು ನಾಲ್ಕೈದು ವರ್ಷ ಮಾತ್ರ ಉಳಿದಿದ್ರೆ ಈ ಲೆಕ್ಕ ನಿಲ್ಲಲ್ಲ, ಆಗ ಕಟ್ಟೋ ಇಎಂಐಯಲ್ಲಿ ಹೆಚ್ಚಿನದು ಅಸಲೇ ಇರುತ್ತೆ, ಸುಮ್ನೆ ಓಡಾಟ ಯಾಕೆ. ಹೊಸ ಬ್ಯಾಂಕಿನವರು ಲೋನ್ ಇನ್ಶೂರೆನ್ಸ್ ಪ್ರೀಮಿಯಂ ಅಂತ ಒಂದು ದೊಡ್ಡ ಮೊತ್ತ ಸಾಲಕ್ಕೇ ಸೇರಿಸಿ ತಂದಿದ್ರು, ಕಡ್ಡಾಯ ಅಲ್ಲ ತಾನೇ ಅಂದೆ, ಅಲ್ಲ ಅಂದ್ರು, ತೆಗೆಸ್ದೆ. ನನಗೆ ಟರ್ಮ್ ಪಾಲಿಸಿ ಬೇರೆ ಇದೆ.

ಒಂದು ಸಣ್ಣ ವಿಷಯ, ಆದ್ರೆ ದುಡ್ಡಿನದ್ದು. ಹೊಸ ಬ್ಯಾಂಕು ಹಳೇ ಕಂಪನಿ ಹೆಸರಿಗೆ ಡಿಡಿ ಮಾಡುತ್ತೆ. ಡಿಡಿ ಬರೆದ ದಿನಕ್ಕೂ, ಅದು ಹಳೇ ಕಂಪನಿ ತಲುಪಿ ಸಾಲ ಮುಚ್ಚೋ ದಿನಕ್ಕೂ ನಡುವೆ ಎಷ್ಟು ದಿನ ಆಗುತ್ತೋ ಅಷ್ಟು ದಿನ ಎರಡೂ ಕಡೆ ಬಡ್ಡಿ ಓಡುತ್ತೆ. 35 ಲಕ್ಷಕ್ಕೆ 8% ಅಂದ್ರೆ ದಿನಕ್ಕೆ 760 ರೂಪಾಯಿ ಮೇಲೆ. 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಆರ್‌ಬಿಐ ಇದನ್ನೇ ಹಿಡಿದಿತ್ತು, ಸಾಲದ ಹಣ ಕೈಗೆ ಕೊಡೋಕೆ ಮುಂಚೆನೇ, ಅಗ್ರಿಮೆಂಟ್ ದಿನದಿಂದ, ಚೆಕ್ಕಿನ ಮೇಲಿನ ತಾರೀಕಿಂದ ಬಡ್ಡಿ ಹಾಕ್ತಿದ್ದಾರೆ, ಹಾಗೆ ಜಾಸ್ತಿ ತಗೊಂಡಿದ್ದನ್ನ ವಾಪಸ್ ಕೊಡಿ ಅಂತ. ನಾನು ಆ ಸುತ್ತೋಲೆಯ ಪ್ರಿಂಟ್ ಇಟ್ಕೊಂಡು, ಡಿಡಿ ಕೈಗೆ ಕೊಟ್ಟ ದಿನದಿಂದ ಮಾತ್ರ ಬಡ್ಡಿ ಅಂತ ಮೇಲ್‌ನಲ್ಲಿ ಬರೆಸ್ಕೊಂಡೆ. ಒರಿಜಿನಲ್ ದಾಖಲೆಗಳನ್ನ ಸಾಲ ತೀರಿದ 30 ದಿನದೊಳಗೆ ಕೊಡ್ಬೇಕು, ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅನ್ನೋ ನಿಯಮನೂ 2023ರ ಡಿಸೆಂಬರ್‌ನಿಂದ ಇದೆ. ಈ ನಿಯಮ ಗೊತ್ತಿದೆ ಅಂತ ಅವರಿಗೆ ಗೊತ್ತಾದ್ರೆ ಸಾಕು, ಫೈಲು ಬೇಗ ಹುಡುಕಿ ತರ್ತಾರೆ.

ಟ್ಯಾಕ್ಸ್ ವಿಷಯದಲ್ಲಿ ನನ್ನ ಭಾವ ಒಂದು ಮಾತು ಹೇಳಿದ್ರು, "ಬಡ್ಡಿ ಇಳಿಸ್ಕೊಂಡ್ರೆ ಟ್ಯಾಕ್ಸ್ ಬೆನಿಫಿಟ್ಟೂ ಇಳಿಯುತ್ತಲ್ಲಮ್ಮ, ಏನು ಉಳಿದ ಹಾಗಾಯ್ತು." ಬಹಳ ಜನ ಹೀಗೇ ಅಂದ್ಕೊಂಡಿದ್ದಾರೆ. ಬಾಡಿಗೆಗೆ ಕೊಟ್ಟ ಮನೆಗೆ ಲೆಕ್ಕ ಹೀಗೆ ಬರುತ್ತೆ: ವರ್ಷದ ಬಾಡಿಗೆ 2.88 ಲಕ್ಷ, ಅದರಲ್ಲಿ ಕಟ್ಟಿದ ಮನೆ ಕಂದಾಯ ಕಳೆದು, ಉಳಿದಿದ್ದರಲ್ಲಿ 30% ಸ್ಟ್ಯಾಂಡರ್ಡ್ ಡಿಡಕ್ಷನ್, ಕಂದಾಯ ಬಿಟ್ಟು ನೋಡಿದ್ರೆ ಸುಮಾರು 2 ಲಕ್ಷ ಉಳಿಯುತ್ತೆ. ಅದರಿಂದ ಸಾಲದ ಬಡ್ಡಿ ಕಳೀತೀವಿ, 9.5%ನಲ್ಲಿ ವರ್ಷದ ಬಡ್ಡಿ 3.28 ಲಕ್ಷ, ಅಂದ್ರೆ ಒಂದೂಕಾಲು ಲಕ್ಷ ಮೈನಸ್. ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಆ ಮೈನಸ್ಸನ್ನ ಸಂಬಳದಿಂದ ಕಳೀಬಹುದು, ಅದಕ್ಕೂ ವರ್ಷಕ್ಕೆ 2 ಲಕ್ಷದ ಮಿತಿ ಇದೆ. ಹೊಸ ಪದ್ಧತಿಯಲ್ಲಿ ಬಾಡಿಗೆಗೆ ಸಮ ಆಗುವಷ್ಟು ಬಡ್ಡಿ ಮಾತ್ರ ಕೆಲಸಕ್ಕೆ ಬರುತ್ತೆ, ಮೈನಸ್ಸನ್ನ ಸಂಬಳದಿಂದ ಕಳೆಯೋ ಹಾಗಿಲ್ಲ. ನಾನು ಹೊಸ ಪದ್ಧತಿಯಲ್ಲಿದೀನಿ. ಅಂದ್ರೆ ಆ ಒಂದೂಕಾಲು ಲಕ್ಷ ಬಡ್ಡಿಗೆ ಒಂದು ಪೈಸೆ ಟ್ಯಾಕ್ಸೂ ಉಳೀತಿರ್ಲಿಲ್ಲ, ಈಗ 8%ನಲ್ಲಿ ಬಡ್ಡಿ 2.74 ಲಕ್ಷಕ್ಕೆ ಇಳಿದಿದೆ, ಇಳಿದ 54 ಸಾವಿರ ಪೂರ್ತಿ ನನ್ನದೇ. ಹಳೇ ಪದ್ಧತಿಯಲ್ಲಿ 30% ಸ್ಲ್ಯಾಬಲ್ಲಿ ಇರೋರಿಗೂ ನೂರಕ್ಕೆ ಎಪ್ಪತ್ತರ ಹತ್ರ ಉಳಿಯುತ್ತೆ. ಭಾವನಿಗೆ ಇದನ್ನ ಪೇಪರ್ ಮೇಲೆ ಹಾಕಿ ತೋರಿಸ್ದೆ, ಅವರು ಕನ್ನಡಕ ಏರಿಸ್ಕೊಂಡು ಎರಡು ಸಲ ನೋಡಿ ತಮ್ಮ ಸ್ಟೇಟ್‌ಮೆಂಟ್ ತರಿಸ್ಕೊಂಡ್ರು.

ಸಾಲ ತೀರಿಸೋಕೆ ತಗೊಂಡ ಹೊಸ ಸಾಲದ ಬಡ್ಡಿಗೂ ಈ ವಿನಾಯಿತಿ ಸಿಗುತ್ತಾ ಅನ್ನೋದು ಇನ್ನೊಂದು ಪ್ರಶ್ನೆ. ಸಿಗುತ್ತೆ, 1969ರಲ್ಲೇ ಸಿಬಿಡಿಟಿ (ಆದಾಯ ತೆರಿಗೆ ನೋಡ್ಕೊಳ್ಳೋ ಕೇಂದ್ರ ಮಂಡಳಿ) ಸುತ್ತೋಲೆ ಇದನ್ನ ಒಪ್ಪಿದೆ. ಆದ್ರೆ ಅದು ಹಳೇ ಬಾಕಿಯಷ್ಟಕ್ಕೆ ಮಾತ್ರ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಜೊತೆ ಟಾಪ್ ಅಪ್ ಅಂತ ಇನ್ನೊಂದು ಹತ್ತು ಲಕ್ಷ ಕೊಡ್ತೀವಿ ಅಂತಾರಲ್ಲ, ಅದನ್ನ ಅದೇ ಮನೆ ರಿಪೇರಿಗೆ ಹಾಕ್ದೇ ಕಾರಿಗೋ ಮದುವೆಗೋ ಹಾಕಿದ್ರೆ ಅದರ ಬಡ್ಡಿ ಈ ಲೆಕ್ಕಕ್ಕೆ ಬರಲ್ಲ. ಟಾಪ್ ಅಪ್ ಹಣ ಸಟ್ಟಾ ಥರದ ವ್ಯವಹಾರಕ್ಕೆ ಹೋಗಬಹುದು ಅಂತ 2024ರ ಆಗಸ್ಟ್‌ನಲ್ಲಿ ಆಗಿನ ಆರ್‌ಬಿಐ ಗವರ್ನರ್ ಶಕ್ತಿಕಾಂತ ದಾಸ್ ಅವರೇ ಎಚ್ಚರಿಸಿದ್ರು. ಸಾಲ ಕಮ್ಮಿ ಮಾಡ್ಕೊಳ್ಳೋಕೆ ಹೊರಟವರು ಸಾಲ ಜಾಸ್ತಿ ಮಾಡ್ಕೊಂಡು ಬರೋದು ನನಗೆ ಬೇಡ ಅನ್ನಿಸ್ತು. ಬದಲಾಯಿಸಿದ ವರ್ಷ ಎರಡೂ ಕಡೆಯಿಂದ ಬಡ್ಡಿ ಸರ್ಟಿಫಿಕೇಟ್ ಮರೀದೇ ತಗೊಳ್ಳಿ.

ಇಷ್ಟೆಲ್ಲಾ ನಮ್ಮ ಲೆಕ್ಕ ಆಯ್ತು. ಆ ಮನೇಲಿ ವಾಸ ಇರೋರ ವಿಷಯ ಯಾರೂ ಬರೆಯಲ್ಲ. ಹೊಸ ಬ್ಯಾಂಕು ಮನೆ ಬೆಲೆ ಕಟ್ಟೋಕೆ ವ್ಯಾಲ್ಯುಯರ್ ಕಳಿಸುತ್ತೆ. ನಮ್ಮ ಬಾಡಿಗೆದಾರರು ಹಾವೇರಿ ಕಡೆಯವರು, ಗಂಡ ಹೆಂಡತಿ, ಶಾಲೆಗೆ ಹೋಗೋ ಮಗಳು. ಫೋನಲ್ಲಿ ಹೇಳಿದ್ದೆ, ಬ್ಯಾಂಕಿನವರು ಬರ್ತಾರೆ ಅಂತ, ಆದ್ರೂ ನಾನೂ ಅವತ್ತು ಮೈಸೂರಿಂದ ಹೋಗಿದ್ದೆ. ವ್ಯಾಲ್ಯುಯರ್ ಬಂದವರು ಶೂ ಬಿಚ್ಚಿ ಒಳಗೆ ಬಂದು, ಕೈಯಲ್ಲಿನ ಸಣ್ಣ ಲೇಸರ್ ಮಷೀನು ಗೋಡೆಗೆ ಹಿಡಿದು ಕೆಂಪು ಚುಕ್ಕೆ ಬೀಳಿಸಿ ಅಳತೆ ತಗೊಂಡ್ರು, ಹಾಲು, ಎರಡು ರೂಮು, ಅಡುಗೆಮನೆ, ಬಾಲ್ಕನಿ, ಎಲ್ಲಾದ್ರ ಫೋಟೋ. ದೇವರ ಮುಂದೆ ದೀಪ ಉರೀತಿತ್ತು, ಅದನ್ನೂ ಸೇರಿಸಿ ತೆಗೆದ್ರು. ಅವರು ಹೋದ್ಮೇಲೆ ಆ ಹೆಣ್ಮಗಳು ಚಾ ತಂದಿಟ್ಟು ಮೆಲ್ಲಗೆ ಕೇಳಿದ್ರು, "ಅಕ್ಕಾರ, ಮನೀ ಮಾರಾಕತ್ತೀರೇನ್ರಿ? ಮಗಳ ಸಾಲಿ ಇಲ್ಲೇ ಸನೇ ಐತ್ರಿ, ಅದಕ್ಕ ಕೇಳಿದೆ." ನನಗೆ ಒಂದು ಕ್ಷಣ ಏನು ಹೇಳ್ಬೇಕೋ ತಿಳೀಲಿಲ್ಲ. ನಾವು ಬಡ್ಡಿ ಪರ್ಸೆಂಟು ಅಂತ ಓಡಾಡ್ತಿರ್ತೀವಿ, ಅವರಿಗೆ ಮನೆ ಅಳೆಯೋಕೆ ಬರೋರು ಅಂದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ ಅಂತ ಅರ್ಥ. ಸಾಲ ಒಂದು ಬ್ಯಾಂಕಿಂದ ಇನ್ನೊಂದಕ್ಕೆ ಹೋಗ್ತಿದೆ ಅಷ್ಟೇ, ನಿಮ್ಮ ಅಗ್ರಿಮೆಂಟು, ಬಾಡಿಗೆ, ಅಡ್ವಾನ್ಸು ಯಾವುದೂ ಬದಲಾಗಲ್ಲ ಅಂತ ಕೂತು ಬಿಡಿಸಿ ಹೇಳಿದೆ, ಬಂದು ಅವರ ಗಂಡನಿಗೂ ಮೆಸೇಜ್ ಹಾಕಿದೆ. ಮನೆ ಬಾಡಿಗೆಗೆ ಕೊಟ್ಟು ಸಾಲ ಬದಲಾಯಿಸೋ ಎಲ್ಲರೂ ದಯವಿಟ್ಟು ವ್ಯಾಲ್ಯುಯರ್ ಬರೋಕೆ ಮುಂಚೆ ಈ ಮಾತು ಪೂರ್ತಿ ಹೇಳಿ, ಬರೀ "ಬ್ಯಾಂಕಿನವರು ಬರ್ತಾರೆ" ಅಂದ್ರೆ ಆ ಮನೆಯವರು ರಾತ್ರಿ ನಿದ್ದೆ ಮಾಡಲ್ಲ.

ಈಗ ನಾನು ಹಿಡಿದಿರೋ ಕೆಲಸ ಹಾಸನದಲ್ಲಿರೋ ಚಿಕ್ಕಪ್ಪನದ್ದು. ಮೇಷ್ಟ್ರಾಗಿ ರಿಟೈರ್ ಆದವರು, ಕೆಳಗೆ ತಾವಿದ್ದು ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದಾರೆ, ಮೇಲಿನ ಮನೆ ಕಟ್ಟೋಕೆ ತಗೊಂಡ ಸಾಲ ಇನ್ನೂ ಇದೆ, ಬಾಡಿಗೆ ಬಂದಿದ್ದು ಬಂದ ಹಾಗೇ ಕಂತಿಗೆ ಹೋಗುತ್ತೆ. ಅವರ ವಯಸ್ಸಿಗೆ ಹೊಸ ಬ್ಯಾಂಕು ಸಾಲ ಕೊಡಲ್ಲ, ಸಾಮಾನ್ಯವಾಗಿ 70 ವರ್ಷ ಆಗೋದ್ರೊಳಗೆ ತೀರ್ಬೇಕು ಅಂತಾರೆ. ರೇಟು ಕೇಳಿದ್ರಾ ಅಂದೆ. "ಇಷ್ಟು ವರ್ಷ ಒಂದು ಕಂತೂ ತಪ್ಪಿಸಿಲ್ಲ ಮಗಾ, ಅವ್ರೇ ಕಮ್ಮಿ ಮಾಡಿರ್ತಾರೆ ಬಿಡು" ಅಂದ್ರು. ಚಿಕ್ಕಪ್ಪ, ಕಂತು ತಪ್ಪಿಸ್ದೇ ಇರೋರನ್ನ ಯಾರೂ ಬಂದು ಕೇಳಲ್ಲ ಅಂದೆ. ಚಿಕ್ಕಮ್ಮ ಬೀರುವಿಂದ ಫೈಲ್ ತಂದು ಕೊಟ್ರು, ಅಗ್ರಿಮೆಂಟು, ರಸೀದಿಗಳು ಎಲ್ಲಾ ವರ್ಷದ ಪ್ರಕಾರ ಜೋಡಿಸಿ ದಾರ ಕಟ್ಟಿಟ್ಟಿದ್ದಾರೆ, ಬಡ್ಡಿ ದರ ನೋಡಿದ್ರೆ ಹತ್ತರ ಮೇಲೆ. ಇಡೀ ಪಿಂಚಣಿ ಬದುಕಿನಲ್ಲಿ ಅವರು ತಿಂಗಳು ತಿಂಗಳು ಬಿಟ್ಕೊಟ್ಟಿರೋ ದುಡ್ಡು ಲೆಕ್ಕ ಹಾಕಿ ಹೊಟ್ಟೆ ಉರೀತು.

ಅರ್ಜಿ ಕನ್ನಡದಲ್ಲೇ ಬರೆದಿದೀನಿ, ಒಂದೇ ಪುಟ. ಈಗಿನ ಬಡ್ಡಿ ದರ ಎಷ್ಟು ಮತ್ತು ಅದು ಯಾವುದಕ್ಕೆ ಕಟ್ಟಿದೆ, ಇವತ್ತಿಗೆ ಬಾಕಿ ಅಸಲೆಷ್ಟು, ಉಳಿದ ಕಂತುಗಳೆಷ್ಟು, ಇವತ್ತು ಹೊಸಬರಿಗೆ ಕೊಡ್ತಿರೋ ದರಕ್ಕೆ ಬದಲಾಯಿಸೋಕೆ ಫೀ ಎಷ್ಟು, ಬದಲಾಯಿಸಿದ ಮೇಲೆ ಇಎಂಐ ಹಾಗೇ ಇಟ್ಟು ಅವಧಿ ಮಾತ್ರ ಇಳಿಸ್ಬೇಕು. ಎರಡು ಪ್ರತಿ ಮಾಡ್ಸಿದೀನಿ, ಒಂದರ ಮೇಲೆ ಬ್ರಾಂಚಿನ ಸೀಲು, ತಾರೀಕು ಹಾಕಿಸ್ಕೊಂಡು ಬರಬೇಕು, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕಾದ್ರೆ ಆರ್‌ಬಿಐ ಓಂಬುಡ್ಸ್‌ಮನ್ ಹತ್ರ ಹೋಗ್ತಿದ್ವಿ, ಇದು ಹೌಸಿಂಗ್ ಫೈನಾನ್ಸ್ ಕಂಪನಿ, ಹಾಗಾಗಿ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ದೂರು. ಸೋಮವಾರ ಚಿಕ್ಕಪ್ಪನ ಜೊತೆ ನಾನೇ ಹೋಗ್ತಿದೀನಿ.